ಹಳ್ಳದ ಜೀರಿಗೆ ಮಿಡಿ ಮತ್ತು ಅಂಚೆ ಅಭಯಣ್ಣನ ಮೂಗು

ನಮ್ಮನೆಯವರ ವಿಷಯ ಹೇಳೋದಾದರೆ ಮೂಗಿನಿಂದಲೇ ಶುರು ಮಾಡಬೇಕು. ಹೆಸರು ಅಭಯಕುಮಾರ. ಹೊಸನಗರ ತಾಲ್ಲೂಕಿನಲ್ಲಿ ಮೂವತ್ನಾಲ್ಕು ವರ್ಷ ಮನೆಮನೆಗೆ ಟಪಾಲು ಹಂಚಿ ರಿಟೈರ್ ಆದವರು. ಊರವರ ಬಾಯಲ್ಲಿ ಈಗಲೂ ಅಂಚೆ ಅಭಯಣ್ಣನೇ. ನೋಡೋಕೆ ಅಂಥಾ ವಿಶೇಷ ಏನೂ ಇಲ್ಲ, ಸಣಕಲು ಆಳು, ಕಿವಿ ಮೇಲೆ ನಾಲ್ಕು ಕೂದಲು. ಆದರೆ ಆ ಮೂಗು! ಒಲೆ ಮೇಲಿನ ಹಾಲು ತಳ ಹಿಡಿಯೋದು ಒಲೆ ಮುಂದೆ ನಿಂತ ನನಗಿಂತ ಮೊದಲು ಜಗಲಿಯಲ್ಲಿ ಕೂತ ಅವರಿಗೆ ಗೊತ್ತಾಗ್ತದೆ. ನಿನ್ನೆಯ ಸಾರಿಗೆ ಇವತ್ತು ಹೊಸ ಒಗ್ಗರಣೆ ಕೊಟ್ಟರೆ ತಟ್ಟೆ ಮುಂದೆ ಕೂರೋ ಮುಂಚೆಯೇ ನಗಾಡ್ತಾರೆ. ಇಂಥಾ ಮೂಗಿನ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೀನಿ ನಾನು, ಶೀಲಾವತಿ. ಯಾರಾದರೂ ಸನ್ಮಾನ ಮಾಡಬೇಕಿತ್ತು, ಮಾಡಲಿಲ್ಲ.

ಆ ಮೂಗಿಗೆ ನಿಜವಾದ ಕೆಲಸ ಬರೋದು ಅಪ್ಪೆಮಿಡಿ ಕಾಲದಲ್ಲಿ. ಅಪ್ಪೆಮಿಡಿ ಅಂದರೆ ಕಾಡುಮಾವಿನ ಎಳೇ ಕಾಯಿ, ಉಪ್ಪಿನಕಾಯಿಗೆ ಅಂತಲೇ ಹುಟ್ಟಿದ್ದು. ಒಂದೊಂದು ಮರಕ್ಕೆ ಒಂದೊಂದು ಪರಿಮಳ. ಟಪಾಲು ಚೀಲ ಹೊತ್ತು ತಿರುಗಿದ ದಾರಿಯ ಅಷ್ಟೂ ಮರ ಇವರಿಗೆ ಗೊತ್ತು. ಫೆಬ್ರವರಿ ಬಂತು ಅಂದರೆ ಜನ ಮಿಡಿ ಹಿಡಿದುಕೊಂಡು ಮನೆ ಬಾಗಿಲಿಗೆ ಬರ್ತಾರೆ. ಇವರು ತೊಟ್ಟು ಮುರಿದು, ಚಿಮ್ಮಿದ ಸೊನೆ ಮೂಸಿ, 'ಮಾರಿದವನು ಇದು ಹೊಳೆ ಮರದ್ದು ಅಂತ ಹೇಳಿ ಕೊಟ್ನಾ? ಸುಳ್ಳು. ಕೆರೆ ಏರಿ ಮೇಲಿನ ಮರದ್ದು' ಅಂತ ಹೇಳಿ ವಾಪಸು ಕೊಡ್ತಾರೆ. ಇದರಿಂದ ಊರಲ್ಲಿ ಒಂದೆರಡು ಜಗಳ ಆಗಿದ್ದೂ ಉಂಟು.

ನಮ್ಮ ಗದ್ದೆ ಕೆಳಗೆ ಹಳ್ಳದ ದಂಡೆಯಲ್ಲಿ ನಮ್ಮದೇ ಒಂದು ಮರ ಇತ್ತು. ಹಳ್ಳದ ಜೀರಿಗೆ ಅಂತ ಅದಕ್ಕೆ ಹೆಸರು. ತೊಟ್ಟು ಮುರಿದರೆ ಮೊದಲು ಜೀರಿಗೆ ವಾಸನೆ, ಅದರ ಹಿಂದೆಯೇ ಸಣ್ಣಗೆ ಕರ್ಪೂರ. ನಮ್ಮನೆಯವರಿಗೆ ಆ ಮರ ಅಂದರೆ ಪ್ರಾಣ. ನನ್ನ ಮುಖ ನೋಡದಿದ್ದರೂ ನಡೀತದೆ, ದಿನಕ್ಕೊಂದು ಸಲ ಅದನ್ನು ನೋಡಿ ಬರಬೇಕು. ಮಿಡಿ ಕೇಳಿದವರಿಗೆ ಬುಟ್ಟಿಗಟ್ಟಲೆ ಕೊಟ್ಟಿದಾರೆ, ಅದರಲ್ಲಿ ಜಿಪುಣತನ ಇಲ್ಲ. ಕಸಿ ಕಟ್ಟೋಕೆ ನಾಲ್ಕು ಕಡ್ಡಿ ಕೊಡಿ ಅಂದರೆ ಮಾತ್ರ ಮುಖ ಕೆಂಪಾಗಿಬಿಡೋದು. 'ಆ ಹಳ್ಳದ ನೀರು ಕುಡಿದದ್ದಕ್ಕೆ ಆ ಪರಿಮಳ. ಕಸಿ ಕಟ್ಟಿದರೆ ಸತ್ತೇ ಹೋಗ್ತದೆ. ಎಲ್ಲೋ ನೆಟ್ಟು ಮರದ ಹೆಸರು ಕೆಡಿಸ್ತೀರಾ?'

ತುಮರಿಯ ಶರಾವತಿಗೂ ಹೀಗೇ ಅಂದರು. ಅವಳು ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವಳು. ಮನೆ ಹಿಂದೆ ಸಣ್ಣ ನರ್ಸರಿ ಇಟ್ಟಿದಾಳೆ, ಕಸಿ ಕಟ್ಟೋದರಲ್ಲಿ ಅವಳ ಕೈ ಬಲು ಚೊಕ್ಕ. ಒಂದು ಜುಲೈನಲ್ಲಿ ಹಿನ್ನೀರು ದಾಟೋ ಲಾಂಚು, ಬಸ್ಸು ಎಲ್ಲ ಹತ್ತಿಳಿದು ಕಡ್ಡಿ ಕೇಳೋಕೆ ಅಂತಲೇ ಬಂದವಳನ್ನು ಇವರು ಒಂದೇ ಮಾತಲ್ಲಿ ಮುಗಿಸಿಬಿಟ್ಟರು. ನನಗೆ ತಲೆ ಎತ್ತೋಕಾಗಲಿಲ್ಲ. ಸಿಟ್ಟೂ ಬಂತು. ಮರ ನಿಂತಿರೋದು ಹಳ್ಳದ ದಂಡೆಯಲ್ಲಿ, ಬೇರಿನ ಮಣ್ಣು ವರ್ಷ ವರ್ಷ ಕೊಚ್ಚಿ ಹೋಗ್ತಿದೆ, ಇದು ಎಷ್ಟು ದಿನ ನಿಲ್ತದೆ ಅನ್ನೋ ಯೋಚನೆ ಬೇಡವಾ ಮನುಷ್ಯನಿಗೆ?

ಮಾರನೇ ದಿನ ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಗಿತ್ತು. ಇವರು ಬಸದಿಗೆ ಹೋಗಿದ್ದರು. ನಾನು ಕತ್ತಿ ತಗೊಂಡು ಹೋಗಿ ಕೈಗೆ ಸಿಗೋ ಕೊಂಬೆಯಿಂದ ಐದು ಕಡ್ಡಿ ಕಡಿದೆ. ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ, ಶರಾವತಿಯ ಚೀಲದಲ್ಲಿ ಸೀರೆ ಮಡಿಕೆಯ ನಡುವೆ ಇಟ್ಟು ಬಸ್ಸು ಹತ್ತಿಸಿದೆ. ಹೌದು, ಕಳ್ಳತನವೇ. ಕಳ್ಳತನ ಮಾಡಬಾರದು ಅಂತ ನಮ್ಮ ಧರ್ಮದಲ್ಲಿ ಅಣುವ್ರತವೇ ಇದೆ, ಅದೂ ಗೊತ್ತು. ಆದರೆ ಸ್ವಂತ ಮನೆಯ ಮರ, ಅರ್ಧ ಪಾಲು ನನ್ನದೂ ಅಲ್ಲವಾ?

ಸಂಜೆ ಇವರು ಮರ ನೋಡೋಕೆ ಹೋದವರು ಕಡಿತದ ಗುರುತು ನೋಡಿ ಹಾರಾಡಿಬಿಟ್ಟರು. ಡೈರಿ ಹತ್ತಿರ ಹಾಲು ಹಾಕೋಕೆ ಬಂದ ಇಡೀ ಊರಿನ ಮುಂದೆ, 'ಯಾರು ಕಡಿದಿದ್ದು ಅಂತ ನನಗೆ ಗೊತ್ತಿಲ್ಲ. ಆದರೆ ಅವರ ಕಸಿ ಹತ್ತಬಾರದು! ಕರಟಿ ಹೋಗಬೇಕು!' ಅಂತ ಶಾಪ ಹಾಕಿದರು. ಕಡ್ಡಿ ಕೇಳಿ ಬೈಸಿಕೊಂಡವರು ಊರಲ್ಲೇ ಹತ್ತಾರು ಜನ ಇದ್ದರು, ಶರಾವತಿ ಮೇಲೆ ಅನುಮಾನ ಹೋಗಲಿಲ್ಲ. ನಾನು ಕ್ಯಾನು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಕೆಳಗಿನ ಮನೆ ಮುಕುಂದಯ್ಯ ನನ್ನ ಕಡೆ ತಿರುಗಿ, 'ಯಾರಿರಬಹುದು ಶೀಲಮ್ಮ?' ಅಂದರು. 'ಎಂಥೆಂಥಾ ಜನ ಇರ್ತಾರೆ ನೋಡಿ' ಅಂದೆ.

ಎರಡು ವರ್ಷಕ್ಕೆ, ಆ ದೊಡ್ಡ ಮಳೆಯ ಆಗಸ್ಟಿನಲ್ಲಿ, ಹಳ್ಳ ದಂಡೆ ಸಮೇತ ಮರವನ್ನು ಮಗುಚಿ ಹಾಕಿತು. ನಮ್ಮನೆಯವರು ಬಿದ್ದ ಮರದ ಮೇಲೆ ಕೂತು ಮಕ್ಕಳ ಹಾಗೆ ಅತ್ತರು. ಅವರ ಅಪ್ಪ ತೀರಿಕೊಂಡಾಗಲೂ ನಾನು ಅವರನ್ನು ಹಾಗೆ ನೋಡಿರಲಿಲ್ಲ. ಆ ವಾರವೇ ಹೊಂಬುಜಕ್ಕೆ ಹೋಗಿ ಪದ್ಮಾವತಿ ಅಮ್ಮನವರ ಮುಂದೆ ನಿಯಮ ತಗೊಂಡು ಬಂದರು: ಹಳ್ಳದ ಜೀರಿಗೆ ಸಿಗೋವರೆಗೆ ಬೇರೆ ಯಾವ ಮಿಡಿಯನ್ನೂ ಬಾಯಿಗೆ ಹಾಕೋದಿಲ್ಲ. ನಮ್ಮ ಜನರಲ್ಲಿ ಇಷ್ಟದ ಒಂದು ವಸ್ತು ಬಿಡೋ ಪದ್ಧತಿ ಇದೆ, ಯಾರೋ ಬೆಲ್ಲ ಬಿಡ್ತಾರೆ, ಯಾರೋ ಮೊಸರು ಬಿಡ್ತಾರೆ. ಇವರು ಬಿಟ್ಟದ್ದು ಮಾತ್ರ ಬರೀ ಸಂಕಟಕ್ಕೆ. ಮರವೇ ಹೋದಮೇಲೆ ಸಿಗೋದು ಎಲ್ಲಿಂದ? ಅದು ಸಾಯೋವರೆಗಿನ ನಿಯಮವೇ ಅಂತ ಊರಿಗೆಲ್ಲ ಗೊತ್ತಿತ್ತು.

ನಾನು ಓಡಿ ಹೋಗಿ ಶರಾವತಿಗೆ ಫೋನ್ ಮಾಡಿದೆ. ಐದರಲ್ಲಿ ಎರಡು ಹತ್ತಿದಾವೆ, ಮೊಣಕಾಲೆತ್ತರ ಆಗಿದಾವೆ ಅಂದಳು. 'ಹಾಗಾದ್ರೆ ಇವತ್ತೇ ಹೇಳಿಬಿಡ್ತೀನಿ ಕಣೇ' ಅಂದರೆ ಅವಳು ತಡೆದಳು. 'ಹೇಳಬೇಡ ಶೀಲಿ. ನಿನ್ನ ಗಂಡ ಬಂದು ಎಲೆ ಮೂಸಿ, ಇದು ಅದಲ್ಲ ಅಂತಾನೆ. ಒಂದ್ಸಲ ಅಲ್ಲ ಅಂದಮೇಲೆ ಮಿಡಿ ಬಿಟ್ಟರೂ ಹೌದು ಅನ್ನೋ ಜನ ಅಲ್ಲ ಅದು. ಮಿಡಿ ಬಿಡಲಿ, ಆಮೇಲೆ ನೋಡೋಣ.' ಇವರ ಸ್ವಭಾವ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಎರಡರಲ್ಲಿ ಒಂದು ಮರುವರ್ಷ ಒಣಗಿತು. ಉಳಿದ ಒಂದಕ್ಕಾಗಿ ನಾನು ಏಳು ವರ್ಷ ಬಾಯಿ ಮುಚ್ಚಿಕೊಂಡು ಕಾದೆ. ಇವರು ತಿನ್ನದ್ದನ್ನು ಎದುರು ಕೂತು ತಿನ್ನೋಕೆ ಮನಸ್ಸು ಬರದೆ ನಾನೂ ನಿಂಬೆಕಾಯಿ ಉಪ್ಪಿನಕಾಯಿಯಲ್ಲೇ ದಿನ ದೂಡಿದೆ. ಗಂಜಿಗೆ ನಿಂಬೆಕಾಯಿ! ನನ್ನ ಶತ್ರುವಿಗೂ ಬೇಡ.

ಈ ವರ್ಷ ಮಾರ್ಚಿನಲ್ಲಿ ಶರಾವತಿ ಫೋನ್ ಮಾಡಿ, 'ಬಿಟ್ಟಿದೆ ಕಣೇ, ಮೊದಲ ಫಸಲು, ನಲವತ್ತೋ ಐವತ್ತೋ ಮಿಡಿ' ಅಂದಳು. ಆದರೆ ಮನೆಗೆ ತಂದರೆ ಯಾರ ಮರ, ಎಲ್ಲಿಯದು ಅಂತ ಮೊದಲು ಕೇಳ್ತಾರೆ. ಕದ್ದ ಕಸಿ ಅಂತ ಗೊತ್ತಾದರೆ ಹಟಕ್ಕೆ ಬಿದ್ದು ಪರಿಮಳ ಇದ್ದರೂ ಇಲ್ಲ ಅಂದುಬಿಡ್ತಾರೆ. ಯಾರ ಹೆಸರೂ ಇಲ್ಲದೆ ಆ ಮಿಡಿ ಅವರ ಮೂಗಿನ ಮುಂದೆ ಬರಬೇಕು. ಅದಕ್ಕೆ ದಾರಿಯನ್ನೂ ಶರಾವತಿಯೇ ಹೇಳಿದಳು. ಸಾಗರದಲ್ಲಿ ಹೊಸದಾಗಿ ಒಂದು ದೊಡ್ಡ ಹೋಟೆಲ್ ಆಗಿದೆ, ಅದರ ಊಟದ ಮನೆಗೆ 'ಮಣೆ' ಅಂತ ಹೆಸರು, ನಮ್ಮ ಮೂರು ತಾಲ್ಲೂಕಲ್ಲಿ ಬೆಳೆದದ್ದು ಬಿಟ್ಟು ಬೇರೆ ಏನೂ ಬೇಯಿಸೋದಿಲ್ಲವಂತೆ. ಸೊಪ್ಪು, ಮಿಡಿ ಕೊಡೋದು ಶರಾವತಿಯೇ. ಅಡುಗೆಯವಳು ಗಾನವಿ ಅಂತ, ತೀರ್ಥಹಳ್ಳಿ ಕಡೆ ಹುಡುಗಿ. ನಮ್ಮ ಮಿಡಿಯನ್ನು ಬೇರೆ ಜಾಡಿಯಲ್ಲಿ ಉಪ್ಪಿಗೆ ಹಾಕಿಡೋಕೆ ಒಪ್ಪಿದಳು. ಮದುವೆಯಾಗಿ ನಲವತ್ತು ವರ್ಷ ಆಯ್ತು, ಒಂದು ದಿನ ಹೋಟೆಲಲ್ಲಿ ಊಟ ಹಾಕಿಸಿ ಅಂತ ನಾನು ಹಟ ಹಿಡಿದೆ. ಇವರು ಮೂರು ದಿನ ಗೊಣಗಿ ನಾಲ್ಕನೇ ದಿನ ಇಸ್ತ್ರಿ ಅಂಗಿ ಹಾಕಿಕೊಂಡರು.

'ಮಣೆ' ಅಂತ ಹೆಸರೇ ಹೊರತು ಅಲ್ಲಿ ಮಣೆ ಇಲ್ಲ, ಇರೋದು ಎತ್ತರದ ಕುರ್ಚಿ. ನಮ್ಮನೆಯವರು ಹತ್ತಿ ಕೂತರೆ ಕಾಲು ನೆಲ ಮುಟ್ಟಲಿಲ್ಲ. ಗೋಡೆ ತುಂಬಾ ಮಳೆಗೆ ಹೊದೆಯೋ ಗೊರಬು, ಕಂಬಳಿ, ಹಳೇ ಕಾಲದ ಸೇರು, ಪಾವು ನೇತು ಹಾಕಿದಾರೆ. 'ನಮ್ಮ ಅಟ್ಟ ಗುಡಿಸಿ ತಂದ ಹಾಗಿದೆ' ಅಂದರು ಇವರು. ತಾಮ್ರದ ಲೋಟದಲ್ಲಿ ನೀರು ಬಂತು. ಮೂಸಿ, 'ಲಾವಂಚ. ಬೇರು ಹೋದ ವರ್ಷದ್ದು' ಅಂದರು. ನೀರು ತಂದ ಹುಡುಗ, ರವೀಶ್ ಅಂತ ಎದೆ ಮೇಲೆ ಹೆಸರಿತ್ತು, ಒಳಗೆ ಹೋಗಿ ಕೇಳಿಕೊಂಡು ಬಂದು, 'ಹೌದು ಸಾರ್, ಹೋದ ವರ್ಷದ್ದೇ' ಅಂದ. ಅಲ್ಲಿಗೆ ಅವನಿಗೆ ನಮ್ಮ ಮೇಜಿನ ಬಗ್ಗೆ ಭಯ ಹುಟ್ಟಿತು.

ಆ ಹೋಟೆಲಿನ ಕಾರ್ಡಲ್ಲಿ ಪ್ರತಿ ಅಡುಗೆಯ ಕೆಳಗೂ ಊರಿನ ಹೆಸರು ಬರೆದಿದಾರೆ. ರವೀಶ್ ಕೈ ಹಿಂದೆ ಕಟ್ಟಿ ಪಾಠ ಒಪ್ಪಿಸೋ ಹಾಗೆ ಶುರು ಮಾಡಿದ. 'ಇದು ಅರಳಸುರಳಿಯ ಕಾಳುಮೆಣಸಿನ ಸಾರು ಸಾರ್.'

'ಅರಳಸುರಳಿಯಲ್ಲಿ ಯಾರ ಮನೆದು?' ಅಂದರು ಇವರು.

ರವೀಶ್ ಕಣ್ಣು ಕಣ್ಣು ಬಿಟ್ಟ. ಬೆಂಗಳೂರಿನಿಂದ ಬಂದವರು ಊರಿನ ಹೆಸರು ಕೇಳಿ ತಲೆ ಆಡಿಸಿ ಫೋಟೋ ತೆಗೀತಾರೆ, ಅಷ್ಟೆ. ನಮ್ಮ ಕಡೆಯವರಿಗೆ ಊರು ಸಾಕಾಗ್ತದಾ? ಮನೆ ಬೇಕು, ಮನೆ ಗೊತ್ತಾದರೆ ಮನೆಯವರ ಅಪ್ಪನ ಹೆಸರು ಬೇಕು. ಹುಡುಗ ಒಳಗೆ ಹೋಗಿ ಬಂದು, 'ಕನ್ನಪ್ಪ ಅನ್ನೋರ ಮನೆದಂತೆ ಸಾರ್' ಅಂದ. 'ಹಾಗಾದ್ರೆ ಒಳ್ಳೇ ಮೆಣಸು. ಅವನ ಮಗಳ ನೇಮಕಾತಿ ಆರ್ಡರ್ ಬಂದಾಗ ಅವಳು ಅಜ್ಜನ ಮನೇಲಿದ್ಲು. ಬಸ್ಸು ಹಿಡ್ಕೊಂಡು ಹೋಗಿ ಕೈಗೆ ಕೊಟ್ಟು ಬಂದಿದೀನಿ' ಅಂದರು.

'ಇದು ಮೇಗರವಳ್ಳಿ ಜೇನು ಹಾಕಿದ...' ಅಂತ ರವೀಶ್ ಬಾಯಿ ತೆಗೆಯೋಕಿಲ್ಲ, ನಾವು ಜೈನರು, ನಮಗೆ ಜೇನು ಆಗೋದಿಲ್ಲ ಅಂದೆ. ಕೆಸುವಿನ ಗೆಡ್ಡೆ ಅಂದ, ನಾವು ಗೆಡ್ಡೆ ತಿನ್ನೋದಿಲ್ಲ ಅಂದರು ಇವರು. ಸುವರ್ಣಗೆಡ್ಡೆ ಅಂದ. ಅದೂ ಗೆಡ್ಡೆಯೇ ಅಲ್ಲವೇನಪ್ಪಾ? ಕಳಲೆ ಅಂದ. ಬಿದಿರಿನ ಮೊಳಕೆ, ಬೇಡ. ಪಾಪ, ಕಣ್ಣಲ್ಲಿ ನೀರು ಬರೋದೊಂದು ಬಾಕಿ. 'ಜೇನು ನಮ್ಮ ಚಿಕ್ಕಪ್ಪನೇ ತೆಗೆದದ್ದಾಗಿತ್ತು ಅಮ್ಮ, ನಮ್ಮೂರು ಅದೇ' ಅಂದ. ನನಗೇ ಕರುಳು ಚುರುಕ್ ಅಂತು. ಗೆಡ್ಡೆ ಇಲ್ಲದ್ದು ಏನಿದೆಯೋ ಎಲ್ಲ ತಗೊಂಡು ಬಾ ಮಗಾ ಅಂದೆ.

ಬಂತು. ಮುಚ್ಚಳದಷ್ಟಗಲ ಪಾತ್ರೆಯಲ್ಲಿ ನಾಲ್ಕು ಚಮಚ ತಂಬುಳಿ. ಊಟದ ಎಲೆಯಷ್ಟು ದೊಡ್ಡ ತಟ್ಟೆಯಲ್ಲಿ ಒಂದೇ ಒಂದು ಹಲಸಿನಕಾಯಿ ಕಡುಬು, ಅದರ ತಲೆ ಮೇಲೆ ಒಂದು ಹೂವು. 'ಇದು ರುಚಿ ನೋಡೋಕೆ, ಊಟ ಆಮೇಲೆ ತರ್ತಾರೆ' ಅಂತ ಇವರು ನನಗೆ ಸಮಾಧಾನ ಹೇಳಿದರು. ಅದೇ ಊಟ ಅಂತ ಹೇಳೋಕೆ ನನಗೆ ಧೈರ್ಯ ಬರಲಿಲ್ಲ. ಆದರೆ ಸುಳ್ಳು ಯಾಕೆ, ರುಚಿ ಚೆನ್ನಾಗಿತ್ತು. ತಂಬುಳಿಗೆ ಎಲವರಿಗೆ ಅನ್ನೋ ಕಾಡುಗಿಡದ ಕುಡಿಯನ್ನು ತುಪ್ಪದಲ್ಲಿ ಹದವಾಗಿ ಬಾಡಿಸಿದ್ದಳು ಆ ಹುಡುಗಿ. ಇವರು ಎರಡು ಸಲ ಮೂಸಿ ಏನೂ ತಪ್ಪು ಸಿಗದೆ ಸುಮ್ಮನೆ ಕುಡಿದರು. ಎಷ್ಟೋ ವರ್ಷದ ಮೇಲೆ ಇಬ್ಬರೂ ಬೇರೆಯವರು ಬೇಯಿಸಿದ್ದನ್ನು ಎದುರುಬದುರು ಕೂತು ತಿಂತಿದ್ದೆವು. ನನಗೆ ಖುಷಿಯಾಗಿತ್ತು, ಕಣ್ಣು ಮಾತ್ರ ಅಡುಗೆಮನೆ ಬಾಗಿಲ ಮೇಲೇ ಇತ್ತು.

ಕೊನೆಗೆ ಮೊಸರನ್ನ ಬಂತು, ಪಕ್ಕದಲ್ಲಿ ಬಾಳೆಎಲೆ ತುಂಡಿನ ಮೇಲೆ ಮಿಡಿ. ಗಾನವಿ ಏನು ಮಾಡಿದ್ದಳು ಗೊತ್ತಾ? ಸುಮ್ಮನೆ ಉಪ್ಪಿನ ಮಿಡಿ ಕೊಡು ಅಂತ ಶರಾವತಿ ಹತ್ತು ಸಲ ಹೇಳಿದ್ದರೂ, ಚಂದ ಕಾಣಲಿ ಅಂತ ಮೇಲೆ ಇಂಗಿನ ಒಗ್ಗರಣೆ ಸುರಿದಿದ್ದಳು. ಇಂಗು ಬಿದ್ದಮೇಲೆ ಜೀರಿಗೆ ಎಲ್ಲಿ, ಕರ್ಪೂರ ಎಲ್ಲಿ! ಇವರು ಎಲೆಯನ್ನು ಬೆರಳಲ್ಲಿ ಮೆಲ್ಲಗೆ ಆ ಕಡೆ ತಳ್ಳಿ, 'ನನಗೆ ನಿಯಮ ಇದೆ, ನೀನು ತಿನ್ನು' ಅಂದರು.

'ಮೂಸೋಕೆ ಏನು ನಿಯಮ?' ಅಂದೆ.

'ಇಂಗು ಮೂಸೋಕೆ ಸಾಗರಕ್ಕೆ ಬರಬೇಕಾ?'

ನನಗೆ ಎಲ್ಲಿತ್ತೋ ಸಿಟ್ಟು. ಏಳು ವರ್ಷ ಕಾದದ್ದು ಒಂದು ಚಮಚ ಒಗ್ಗರಣೆಯಲ್ಲಿ ಹೋಗಬೇಕಾ? ಕುರ್ಚಿಯಿಂದ ಧಡಕ್ಕನೆ ಇಳಿದು, ರವೀಶ್ 'ಅಮ್ಮ, ಕೈ ತೊಳೆಯೋದು ಈ ಕಡೆ' ಅನ್ನುತ್ತಿದ್ದರೂ ಕೇಳದೆ ಸೀದಾ ಅಡುಗೆಮನೆಗೆ ನುಗ್ಗಿದೆ. ಬಿಳೀ ಕೋಟು ಹಾಕಿದ ಹುಡುಗಿ ಗಾಬರಿಯಾಗಿ ನೋಡಿದಳು. 'ಗಾನವಿ ನೀನೇ ಅಲ್ಲವಾ? ಆ ಜಾಡಿ ಎತ್ತಿಕೊಂಡು ಬಾ. ಜಾಡಿಯನ್ನೇ ತಾ. ಒಗ್ಗರಣೆ ಸೌಟು ಅಲ್ಲೇ ಇಡು!'

ಅವಳು ಜಾಡಿ ತಂದು ಮೇಜಿನ ಮೇಲಿಟ್ಟು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಇವರು ಮೊಸರನ್ನದ ಚಮಚ ಬಾಯಿಗೆ ಒಯ್ಯುತ್ತಿದ್ದವರು ಅಲ್ಲೇ ಕೈ ತಡೆದರು. ಚಮಚ ಕೆಳಗಿಟ್ಟರು. ಒಂದು ಮಿಡಿಯನ್ನು ತೊಟ್ಟು ಹಿಡಿದು ಎತ್ತಿ, ಉಪ್ಪುನೀರು ಸೋರೋಕೆ ಬಿಟ್ಟು, ತೊಟ್ಟು ಮುರಿದು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿತು. ಇನ್ನೊಂದು ಸಲ ಮೂಸಿದರು. ಮತ್ತೊಂದು ಸಲ. ಪಕ್ಕದ ಮೇಜಿನವರು ಊಟ ಬಿಟ್ಟು ಇವರನ್ನೇ ನೋಡ್ತಿದ್ದರು. ನಾನು ಅಮ್ಮನವರನ್ನು ನೆನೆಸಿಕೊಂಡೆ.

'ಇದು ಎಲ್ಲಿಯದು?' ಅಂತ ಕೇಳಿದರು. ಸ್ವರ ಅವರದ್ದೇ ಅಲ್ಲ ಅನ್ನೋ ಹಾಗಿತ್ತು.

'ತುಮರಿ ಸಾರ್' ಅಂದ ರವೀಶ್.

'ತುಮರಿಯಲ್ಲಿ ಯಾರ ಮನೆ?'

ರವೀಶ್ ಗಾನವಿಯನ್ನು ನೋಡಿದ. ಗಾನವಿ ನನ್ನನ್ನು ನೋಡಿದಳು. ನಾನು ಮೊಸರನ್ನ ನೋಡಿದೆ. ಪರಿಮಳ ಬಂದಿದೆ ಅನ್ನೋದು ಇವರ ಮುಖದಲ್ಲೇ ಕಾಣ್ತಿತ್ತು. ಈಗ 'ಇದು ಅದೇ' ಅಂತಾರೆ, ತಿಂತಾರೆ, ನಿಯಮ ಮುಗೀತದೆ, ಕಡಿದವರು ಯಾರು ಅಂತ ಯಾವತ್ತೋ ಒಂದು ದಿನ ನಿಧಾನಕ್ಕೆ ಹೇಳಿದರಾಯ್ತು ಅಂತ ಲೆಕ್ಕ ಹಾಕಿದ್ದೆ.

ಇವರು ಮಾತ್ರ ಮಿಡಿಯನ್ನು ಮೆಲ್ಲಗೆ ತಟ್ಟೆಯ ಅಂಚಲ್ಲಿಟ್ಟರು. 'ಶೀಲಾ, ನನ್ನ ಮೂಗು ಹೋಯ್ತು ಕಣೇ' ಅಂದರು.

'ಎಂತದು?'

'ತುಮರಿ ಮಿಡಿಯಲ್ಲಿ ನನಗೆ ಹಳ್ಳದ ಜೀರಿಗೆ ವಾಸನೆ ಬರ್ತಾ ಇದೆ. ಆ ಮರ ಬಿದ್ದು ಏಳು ವರ್ಷ. ಬೇರೆ ನೀರಿನಲ್ಲಿ ಆ ಪರಿಮಳ ಹುಟ್ಟೋದಿಲ್ಲ, ಎಲ್ಲಿಂದ ಬರಬೇಕು? ನೆನಪು ಮಾಡಿ ಮಾಡಿ ಮೂಗಿಗೆ ಭ್ರಮೆ ಹಿಡಿದಿದೆ. ವಯಸ್ಸಾಯ್ತು ನೋಡು. ಇನ್ನು ಮೇಲೆ ಮಿಡಿ ತಗೊಂಡು ಬಂದವರಿಗೆ ನನ್ನನ್ನು ಕೇಳಬೇಡಿ ಅಂತ ಹೇಳಿಬಿಡು.' ಅಷ್ಟು ಹೇಳಿ ಆ ಮಿಡಿಯನ್ನು ವಾಪಸು ಜಾಡಿಗೆ ಹಾಕೋಕೆ ಕೈ ಎತ್ತಿದರು.

ಅಯ್ಯೋ ದೇವರೇ, ನನಗೆ ಎದೆ ಒಡೆದು ಹೋಯ್ತು. ಜಗತ್ತಲ್ಲಿ ಈ ಮನುಷ್ಯನಿಗೆ ನನ್ನದು ಅಂತ ಹೇಳಿಕೊಳ್ಳೋಕೆ ಇದ್ದದ್ದು ಅದೊಂದು ಮೂಗು. ನನ್ನ ಕಳ್ಳತನ ಮುಚ್ಚಿಡೋಕೆ ಅದನ್ನೂ ಕಿತ್ತುಕೊಳ್ಳೋದಾ? ಕೈ ಹಿಡಿದುಕೊಂಡೆ.

'ನಿಮ್ಮ ಮೂಗಿಗೆ ಏನೂ ಆಗಿಲ್ಲ ರೀ. ಅದು ಹಳ್ಳದ ಜೀರಿಗೆಯೇ. ಶರಾವತಿ ಮನೆ ಹಿಂದೆ ಕಸಿ ಗಿಡ ಇದೆ. ಕಡ್ಡಿ ಕಡಿದು ಕೊಟ್ಟವಳು ನಾನು.'

ರವೀಶ್ ಎರಡು ಹೆಜ್ಜೆ ಹಿಂದೆ ಸರಿದ. ಗಾನವಿ ಜಾಡಿಯನ್ನು ತನ್ನ ಕಡೆ ಎಳೆದುಕೊಂಡಳು, ಎಸೆದಾಡಿದರೆ ಕಷ್ಟ ಅಂತಲೋ ಏನೋ. ಇವರು ನನ್ನನ್ನೇ ನೋಡಿದರು. ನಲವತ್ತು ವರ್ಷದಲ್ಲಿ ಅಷ್ಟು ಹೊತ್ತು ಒಂದೇ ಸಮನೆ ನನ್ನ ಮುಖ ನೋಡಿರಲಿಲ್ಲ.

'ಡೈರಿ ಹತ್ರ ನಾನು ಬೈತಿದ್ದಾಗ ನೀನು...'

'ಪಕ್ಕದಲ್ಲೇ ಇದ್ದೆ.'

'ಕಸಿ ಹತ್ತಬಾರದು ಅಂತ ಶಾಪ ಹಾಕಿದೆನಲ್ಲ.'

'ಕೇಳಿಸಿತು. ನಿಮ್ಮ ಶಾಪಕ್ಕೆ ನಾನು ಯಾವತ್ತು ಹೆದರಿದೀನಿ?' ಅಂದೆ. ಬಾಯಿ ಜೋರಾಗಿತ್ತು, ಕಣ್ಣಲ್ಲಿ ಮಾತ್ರ ನೀರು ಬಂದುಬಿಟ್ಟಿತ್ತು.

ಇವರು ಮಿಡಿಯನ್ನು ಕಣ್ಣಿಗೊತ್ತಿಕೊಂಡರು, ಹೊಂಬುಜ ಯಾವ ದಿಕ್ಕಿಗೆ ಬರ್ತದೆ ಅಂತ ಅಂದಾಜು ಮಾಡಿ ಆ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಕಟಕ್ ಅಂತ ಕಚ್ಚಿದರು. ಅಗಿದರು, ನಿಧಾನಕ್ಕೆ, ಬೀಜದ ಹತ್ತಿರದ ಚೂರನ್ನೂ ಬಿಡದ ಹಾಗೆ. ಏಳು ವರ್ಷದ ಆಸೆ ಅದು. ಕೆನ್ನೆ ಮೇಲೆ ನೀರು ಇಳೀತಿದ್ದರೂ ಒರೆಸಿಕೊಳ್ಳಲಿಲ್ಲ. ರವೀಶ್ ಪಾಪ, ಹುಳಿ ಜಾಸ್ತಿ ಆಯ್ತೇನೋ ಅಂತ ನೀರಿನ ಲೋಟ ಮುಂದೆ ತಳ್ಳಿದ. ಇವರು ಕೈ ಅಡ್ಡ ಮಾಡಿದರು, ಬಾಯಲ್ಲಿರೋ ರುಚಿ ನೀರಿಗೆ ಹೋಗಬಾರದಲ್ಲ.

ನುಂಗಿ ಆದಮೇಲೆ ಕೇಳಿದರು, 'ಎಷ್ಟು ಕಡ್ಡಿ ಕಡಿದಿದ್ದೆ?'

'ಐದು.'

'ಎಷ್ಟು ಬದುಕಿದವು?'

'ಒಂದು.'

ಇಡೀ 'ಮಣೆ'ಗೆ ಕೇಳೋ ಹಾಗೆ ನನ್ನ ಮೇಲೆ ರೇಗಿದರು ನೋಡಿ, ಆಗ. 'ಬುದ್ಧಿ ಇಲ್ಲವೇನೇ ನಿನಗೆ ಮಾರಾಯ್ತಿ? ಕದಿಯೋಕೆ ಅಂತ ಹೋದವಳು, ಹತ್ತು ಕಡೀಬಾರದಾಗಿತ್ತಾ?'